ಎಷ್ಟು ದಿನದಿಂದ? ಬೆನ್ನುನೋವು, ಮೈಗ್ರೇನ್, ಬಿಡದ ಕೆಮ್ಮಿಗೆ ಮೊದಲು ಕ್ಯಾಲೆಂಡರ್ ನೋಡಿ

ಈ ಮೂರರಲ್ಲಿ ಯಾವುದಕ್ಕೆ ಹೋದರೂ ಡಾಕ್ಟರ್ ಮೊದಲು ಕೇಳುವುದು, ಎಷ್ಟು ದಿನದಿಂದ ಅಂತ. ನಾವು ‘ಸುಮಾರು ದಿನ ಆಯ್ತು’ ಅಂದುಬಿಡುತ್ತೇವೆ, ಅಲ್ವಾ? ಮುಂದೇನು ಮಾಡಬೇಕು ಅನ್ನುವುದು ಬಹುಮಟ್ಟಿಗೆ ಆ ಲೆಕ್ಕದ ಮೇಲೇ ಇದೆ. ಹಾಗಾಗಿ ತೊಂದರೆ ಶುರುವಾದ ದಿನವನ್ನು ಇವತ್ತೇ ಗುರುತು ಹಾಕಿಕೊಳ್ಳಿ.

ಬೆನ್ನುನೋವು: ಹಾಸಿಗೆ ಹಿಡಿಯಬೇಡಿ

ಸೊಂಟ ಹಿಡಿದುಕೊಂಡಾಗ ಸ್ವಲ್ಪ ಹೊತ್ತು ಒರಗಿಕೊಂಡರೆ ತಪ್ಪಿಲ್ಲ. ಆದರೆ ದಿನವಿಡೀ ಮಲಗಿದರೆ ಮೈ ಇನ್ನೂ ಬಿಗಿಯುತ್ತದೆ, ನೋವು ಬೇಗ ಬಿಡುವುದಿಲ್ಲ. ಆಗಾಗ ಎದ್ದು ನಾಲ್ಕು ಹೆಜ್ಜೆ ಓಡಾಡಿ. ಬಿಸಿ ಶಾಖ ಕೊಡಿ.

ಏಳುವ ರೀತಿಯೂ ಮುಖ್ಯ. ಅಂಗಾತ ಮಲಗಿದ್ದವರು ನೇರವಾಗಿ ಎದ್ದು ಕೂರಬೇಡಿ. ಮಂಡಿ ಮಡಚಿ, ಪೂರ್ತಿ ಮಗ್ಗುಲಾಗಿ. ಕಾಲುಗಳನ್ನು ಮಂಚದಿಂದ ಕೆಳಗೆ ಇಳಿಬಿಡುತ್ತಲೇ ಕೈಯಿಂದ ಹಾಸಿಗೆ ಒತ್ತಿ ಮೇಲೇಳಿ. ಭಾರ ಕೈಗೆ ಬೀಳುತ್ತದೆ, ಸೊಂಟಕ್ಕಲ್ಲ.

ಹೆಚ್ಚಿನವರಿಗೆ 4ರಿಂದ 6 ವಾರದಲ್ಲಿ ಕಡಿಮೆಯಾಗುತ್ತದೆ. ಅಲ್ಲಿವರೆಗೆ ಸಾಮಾನ್ಯವಾಗಿ ಸ್ಕ್ಯಾನ್ ಬೇಕಾಗುವುದಿಲ್ಲ. ನೋವೇ ಇಲ್ಲದ ಎಷ್ಟೋ ಜನರ ಎಂಆರ್‌ಐನಲ್ಲೂ ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಉಬ್ಬಿದ್ದು ಕಾಣುತ್ತದೆ. ರಿಪೋರ್ಟಿನಲ್ಲಿ ಆ ಒಂದು ಸಾಲು ಓದಿ ಸುಮ್ನೆ ಹೆದರಿ ಓಡಾಟವನ್ನೇ ಬಿಟ್ಟವರನ್ನು ಕಂಡರೆ ಬೇಸರವಾಗುತ್ತದೆ.

ಆದರೆ ಮೂತ್ರ ಅಥವಾ ಮಲದ ಹಿಡಿತ ತಪ್ಪಿದರೆ, ತೊಡೆಸಂದಿನ ಸುತ್ತ ಜೋಮು ಹಿಡಿದರೆ, ಕಾಲಿನ ಬಲ ಕುಂದಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಬೆನ್ನುನೋವಿನ ಜೊತೆ ಜ್ವರ ಬಂದರೂ ತಡ ಮಾಡಬೇಡಿ.

ಮೈಗ್ರೇನ್: ಮಾತ್ರೆಯ ದಿನಗಳನ್ನೂ ಬರೆಯಿರಿ

ಹೆಚ್ಚಾಗಿ ತಲೆಯ ಒಂದೇ ಬದಿ ಮಿಡಿಯುವಂಥ ನೋವು, ವಾಕರಿಕೆ, ಬೆಳಕು–ಸದ್ದು ಸಹಿಸಲು ಆಗದಿರುವುದು ಇದರ ಲಕ್ಷಣ. ಔಷಧಿ ತೆಗೆದುಕೊಳ್ಳದಿದ್ದರೆ 4 ಗಂಟೆಯಿಂದ 72 ಗಂಟೆವರೆಗೂ ಇರಬಹುದು. ಕೆಲವರಿಗೆ ನೋವಿಗೆ ಮುಂಚೆ ಕಣ್ಣೆದುರು ಅಂಕುಡೊಂಕು ಗೆರೆಗಳು ಮಿನುಗುತ್ತವೆ.

ಡಾಕ್ಟರ್ ಹೇಳಿದ ಮಾತ್ರೆಯನ್ನು ನೋವು ಶುರುವಾಗುತ್ತಿದ್ದಂತೆಯೇ ತೆಗೆದುಕೊಳ್ಳಿ. ತಡೆಯಲಾಗದಷ್ಟು ಆದಮೇಲೆ ನುಂಗಿದರೆ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಆಮೇಲೆ ಕತ್ತಲೆ ಕೋಣೆಯಲ್ಲಿ ಮಲಗಿ.

ಪ್ರತಿ ಸಲ ಒಂದು ಸಾಲು ಬರೆದಿಡಿ: ‘ಮಂಗಳವಾರ, ಮಧ್ಯಾಹ್ನ 3, ಎಡಗಡೆ, ಬೆಳಗ್ಗೆ ತಿಂಡಿ ತಿಂದಿರಲಿಲ್ಲ, ರಾತ್ರಿ ನಿದ್ದೆ ಕಮ್ಮಿ, ಮಾತ್ರೆ 1.’ ಮುಟ್ಟಿನ ದಿನಗಳನ್ನೂ ಗುರುತಿಸಿ. ಎರಡು ಮೂರು ತಿಂಗಳಲ್ಲಿ ನಿಮ್ಮ ತಲೆನೋವು ಯಾವುದರ ಹಿಂದೆ ಬರುತ್ತದೆ ಅಂತ ನಿಮಗೇ ಕಾಣಬಹುದು.

ಇನ್ನೊಂದು ಮಾತು, ಇದನ್ನು ದಯವಿಟ್ಟು ಗಟ್ಟಿಯಾಗಿ ಹಿಡಿದುಕೊಳ್ಳಿ. ಪ್ಯಾರಾಸಿಟಮಾಲ್, ಐಬುಪ್ರೊಫೆನ್‌ನಂಥ ಮಾತ್ರೆ ತಿಂಗಳಿಗೆ 15 ದಿನ, ಟ್ರಿಪ್ಟಾನ್ (ಮೈಗ್ರೇನ್‌ಗೆಂದೇ ಕೊಡುವ ಮಾತ್ರೆ) ಅಥವಾ ಹಲವು ಔಷಧಿ ಬೆರೆಸಿದ ಮಾತ್ರೆ 10 ದಿನ ಮುಟ್ಟಿ, ಹೀಗೇ ಮೂರು ತಿಂಗಳು ದಾಟಿದರೆ ಮಾತ್ರೆಯಿಂದಲೇ ತಲೆನೋವು ಬರತೊಡಗಬಹುದು. ನೋವು ಅಂತ ಮಾತ್ರೆ, ಮಾತ್ರೆಯಿಂದ ಮತ್ತೆ ನೋವು. ಆ ಲೆಕ್ಕದ ಹತ್ತಿರ ಬರುವ ಮೊದಲೇ ಡಾಕ್ಟರನ್ನು ಕಾಣಿ. ನೋವು ಬರದಂತೆ ತಡೆಯುವ ಔಷಧಿಗಳು ಬೇರೆಯೇ ಇವೆ.

ಇದ್ದಕ್ಕಿದ್ದಂತೆ, ಹಿಂದೆಂದೂ ಕಾಣದಷ್ಟು ಜೋರಾಗಿ ತಲೆ ಸಿಡಿದರೆ, ಮಾತು ತೊದಲಿದರೆ, ಕೈಕಾಲು ಸೋತರೆ ಅದನ್ನು ಮೈಗ್ರೇನ್ ಅಂದುಕೊಂಡು ಕಾಯಬೇಡಿ.

ಕೆಮ್ಮು: 3 ವಾರ, 8 ವಾರ

ನೆಗಡಿಯ ಬೆನ್ನಿಗೆ ಬಂದ ಕೆಮ್ಮು 3 ವಾರದವರೆಗೆ ಇರುವುದು ಸಾಮಾನ್ಯ. ವೈರಸ್‌ನಿಂದ ಬಂದದ್ದಕ್ಕೆ ಆ್ಯಂಟಿಬಯಾಟಿಕ್ ಕೆಲಸ ಮಾಡುವುದಿಲ್ಲ. 3 ವಾರ ದಾಟಿದರೆ ತೋರಿಸಿ. ಕ್ಷಯ ಹೆಚ್ಚಿರುವ ಕಡೆ 2 ವಾರಕ್ಕೇ ಕಫ ಪರೀಕ್ಷೆ ಮಾಡಿಸಿ. ಕಫದಲ್ಲಿ ರಕ್ತ, ಉಸಿರಾಟಕ್ಕೆ ಕಷ್ಟ, ರಾತ್ರಿ ಬೆವರು, ತೂಕ ಇಳಿಕೆ ಕಂಡರೆ ವಾರದ ಲೆಕ್ಕ ಬೇಡ, ಕೂಡಲೇ ಹೋಗಿ.

ದೊಡ್ಡವರಲ್ಲಿ 8 ವಾರ ಮೀರಿದರೆ ಅದು ದೀರ್ಘಕಾಲದ ಕೆಮ್ಮು. ಬೀಡಿ ಸಿಗರೇಟು ಸೇದದವರಲ್ಲಿ, ಎಕ್ಸ್‌ರೇ ಸರಿಯಿದ್ದರೆ, ಹೆಚ್ಚಾಗಿ ಕಾರಣ ಮೂರರಲ್ಲೊಂದು: ಮೂಗಿನಿಂದ ಗಂಟಲಿಗೆ ಇಳಿಯುವ ಸಿಂಬಳ, ಅಸ್ತಮಾ, ಹೊಟ್ಟೆಯಿಂದ ಮೇಲೇರುವ ಆಮ್ಲ. ರಾತ್ರಿ ಜಾಸ್ತಿಯೋ, ಊಟವಾದ ಮೇಲೆ ಜಾಸ್ತಿಯೋ ಅಂತ ಗಮನಿಸಿ ಹೇಳಿದರೆ ಡಾಕ್ಟರಿಗೆ ದಾರಿ ಸಿಗುತ್ತದೆ.

ಬಿಪಿ ಮಾತ್ರೆಯ ಹೆಸರನ್ನೂ ನೋಡಿಕೊಳ್ಳಿ. ಎನಲಾಪ್ರಿಲ್, ರಾಮಿಪ್ರಿಲ್ ಹೀಗೆ ‘ಪ್ರಿಲ್’ ಅಂತ ಮುಗಿಯುವ ಔಷಧಿಗಳಿಂದ ಕೆಲವರಿಗೆ ಒಣ ಕೆಮ್ಮು ಬರುತ್ತದೆ. ನೀವಾಗಿಯೇ ನಿಲ್ಲಿಸಬೇಡಿ, ಬೇರೆ ಮಾತ್ರೆ ಬರೆದುಕೊಡಲು ಕೇಳಿ. ಬದಲಾಯಿಸಿದ ಮೇಲೂ ಕೆಮ್ಮು ಪೂರ್ತಿ ನಿಲ್ಲಲು ಕೆಲವು ವಾರ ಹಿಡಿಯಬಹುದು.