ಹೋಮ್‌ಸ್ಟೇ ಪೇಜಿಗೆ ಟೈಮರ್ ಪ್ಲಗಿನ್: ನನ್ನ ಅನುಭವ

ಚಿಕ್ಕಮಗಳೂರಿನಲ್ಲಿ ನನಗೆ ಬರುವ ವೆಬ್‌ಸೈಟ್ ಕೆಲಸ ಜಾಸ್ತಿ ಹೋಮ್‌ಸ್ಟೇಗಳದ್ದೇ. ಮಲ್ಲಂದೂರು ಕಡೆಯ ಮಾಲೀಕರೊಬ್ಬರಿಗೆ ಹೀಗೆ ಬೇಕಿತ್ತು: ತೋಟದ ಫೋಟೋಗಳು ತಾವಾಗೇ ಬದಲಾಗಬೇಕು, ಮಳೆಗಾಲದ ರಸ್ತೆ ಸೂಚನೆ ಕಂಡು ಮರೆಯಾಗಬೇಕು, ಬುಕ್ ಮಾಡುವವರಿಗೆ ರೂಮನ್ನು 10 ನಿಮಿಷ ಹಿಡಿದಿಟ್ಟು ಉಳಿದ ಸಮಯ ತೋರಿಸಬೇಕು. ಹಳೇ ಸೈಟು, ಜೆಕ್ವೆರಿ (ಪೇಜಿನ ಕೋಡ್ ಬರೆಯುವುದನ್ನು ಸುಲಭ ಮಾಡುವ ಜಾವಾಸ್ಕ್ರಿಪ್ಟ್ ಲೈಬ್ರರಿ) ಮೊದಲೇ ಇತ್ತು. ಅದಕ್ಕೇ ಜೋಡಿಸುವ ಒಂದು ಸಣ್ಣ ಕೋಡ್, ಅಂದರೆ ಪ್ಲಗಿನ್, ಬರೆದೆ.

ಇಂತಿಷ್ಟು ಹೊತ್ತಿಗೊಮ್ಮೆ ಕೆಲಸ ಮಾಡಿಸುವ ಜಾವಾಸ್ಕ್ರಿಪ್ಟಿನ ಸೆಟ್‌ಇಂಟರ್ವಲ್ ಸಾಕಲ್ವಾ? ಒಂದೇ ಟೈಮರ್ ಇದ್ದರೆ ಸಾಕು. ಅದು ಒಂದು ನಂಬರ್ ಕೊಡುತ್ತದೆ, ನಿಲ್ಲಿಸಲು ಅದೇ ನಂಬರ್ ಬೇಕು. ಟೈಮರ್‌ಗಳು ಹೆಚ್ಚಾದರೆ ಯಾವ ನಂಬರ್ ಯಾವುದಕ್ಕೆ ಅಂತ ಹುಡುಕುವುದೇ ಕೆಲಸ. ಸ್ವಲ್ಪ ಹೊತ್ತು ತಡೆದು ಮುಂದಿನ ಕೆಲಸ ಮಾಡಿಸುವ ಜೆಕ್ವೆರಿಯ ಡಿಲೇ ಇದೆ, ಆದರೆ ಅದನ್ನು ನಡುವೆ ರದ್ದು ಮಾಡಲು ಬರುವುದಿಲ್ಲ.

ನನ್ನ ಪ್ಲಗಿನ್‌ಗೆ ಟೈಮರ್‌ನ ಹೆಸರು, ಮಿಲಿಸೆಕೆಂಡ್, ಫಂಕ್ಷನ್ (ಆಗಬೇಕಾದ ಕೆಲಸದ ಕೋಡ್) ಕೊಟ್ಟರೆ ಆಯಿತು. ನಂಬರನ್ನು ಆ ಹೆಸರಿನಲ್ಲಿ ಎಲಿಮೆಂಟಿನ (ಫೋಟೋ, ಸೂಚನೆಯಂಥ ಪೇಜಿನ ಭಾಗದ) ಡೇಟಾದಲ್ಲೇ ಇಡುತ್ತದೆ. ಹೊಸದು ಶುರುವಾಗುವ ಮುಂಚೆ ಅದೇ ಹೆಸರಿನ ಹಳೆಯದನ್ನು ನಿಲ್ಲಿಸುತ್ತದೆ. ಈ ಒಂದು ಸಾಲು ಇಲ್ಲದಿದ್ದರೆ ಪ್ಲೇ ಬಟನ್ ಎರಡು ಸಲ ಒತ್ತಿದವರಿಗೆ ಎರಡು ಟೈಮರ್ ಒಟ್ಟಿಗೆ ಓಡುತ್ತವೆ, ಫೋಟೋಗಳು ಅಡ್ಡಾದಿಡ್ಡಿ ಜಿಗಿಯುತ್ತವೆ. ಎಲಿಮೆಂಟ್ ಪೇಜಿನಲ್ಲಿ ಇನ್ನೂ ಇದೆಯಾ ಅಂತ ಪ್ರತಿ ಸಲ ನೋಡಿ, ಇಲ್ಲದಿದ್ದರೆ ತಾನೇ ನಿಲ್ಲುತ್ತದೆ. ಕೊನೆಗೆ ‘ರಿಟರ್ನ್ ದಿಸ್’, ಅಂದರೆ ಅದೇ ಎಲಿಮೆಂಟನ್ನು ವಾಪಸ್ ಕೊಡುತ್ತದೆ, ಮುಂದೆ ಇನ್ನೊಂದು ಜೆಕ್ವೆರಿ ಆದೇಶ ಜೋಡಿಸಬಹುದು.

ಸೂಚನೆಗೆ "ಮೂರು ಸೆಕೆಂಡ್ ಸಾಕು ಮಾರಾಯ್ರೆ" ಅಂದಿದ್ದರು ಮಾಲೀಕರು. ಅವರ ಅಮ್ಮನ ಕೈಗೇ ಫೋನ್ ಕೊಟ್ಟು ನೋಡಿದೆವು. ಅವರು ಕನ್ನಡಕ ಏರಿಸುವಷ್ಟರಲ್ಲಿ ಸೂಚನೆ ಮಾಯ! ಆಮೇಲೆ 12 ಸೆಕೆಂಡ್ ಇಟ್ಟು, ಮುಚ್ಚುವ ಬಟನ್ನನ್ನೂ ಸೇರಿಸಿದೆ. ಬೆರಳು ಮುಟ್ಟಿದರೆ ಟೈಮರ್ ನಿಲ್ಲುತ್ತದೆ. ಫೋಟೋಗಳಿಗೂ ನಿಲ್ಲಿಸುವ ಬಟನ್ ಇದೆ. ತಾನಾಗೇ ಶುರುವಾಗಿ 5 ಸೆಕೆಂಡಿಗಿಂತ ಹೆಚ್ಚು ಹೊತ್ತು ಚಲಿಸುವುದನ್ನು ನಿಲ್ಲಿಸಲು ದಾರಿ ಇರಬೇಕು ಅಂತ ಡಬ್ಲ್ಯೂಸಿಎಜಿ (ವೆಬ್‌ಸೈಟ್ ಎಲ್ಲರೂ ಬಳಸುವಂತಿರಬೇಕು ಅನ್ನುವ ಮಾರ್ಗಸೂಚಿ) ನಿಯಮವೇ ಹೇಳುತ್ತದೆ.

ತಲೆ ತಿಂದಿದ್ದು ರೂಮಿನ ಕೌಂಟ್‌ಡೌನ್. ಪ್ರತಿ ಸೆಕೆಂಡಿಗೆ ಒಂದೊಂದು ಕಳೆಯುತ್ತಾ ಹೋದರೆ ಲೆಕ್ಕ ತಪ್ಪುತ್ತದೆ. ಗಿರಾಕಿ ದುಡ್ಡು ಕಳಿಸಲು ಬೇರೆ ಆಪ್‌ಗೆ ಹೋದರೆ ಬ್ರೌಸರ್ ಹಿಂದೆ ಮರೆಯಲ್ಲಿ ಉಳಿದ ಪೇಜಿನ ಟೈಮರನ್ನು ನಿಧಾನ ಮಾಡುತ್ತದೆ, ಫೋನ್‌ನಲ್ಲಂತೂ ಪೂರ್ತಿ ನಿಲ್ಲಿಸಿಬಿಡಬಹುದು. ಅದಕ್ಕೆ ಉಳಿದ ಮಿಲಿಸೆಕೆಂಡ್ ಎಷ್ಟು ಅಂತ ಸರ್ವರ್‌ನಿಂದ ತರುತ್ತೇನೆ, ಮೊದಲಿಗೆ 6,00,000. ಅದನ್ನು ಡೇಟ್.ನೌಗೆ (ಈಗಿನ ಹೊತ್ತನ್ನು ಮಿಲಿಸೆಕೆಂಡಿನಲ್ಲಿ ಕೊಡುವ ಜಾವಾಸ್ಕ್ರಿಪ್ಟ್ ಆದೇಶ) ಕೂಡಿಸಿದರೆ ಮುಗಿಯುವ ಹೊತ್ತು ಸಿಗುತ್ತದೆ. ಟೈಮರ್ ಬಡಿದಾಗಲೆಲ್ಲ ಅದರಿಂದ ಈಗಿನ ಹೊತ್ತನ್ನು ಕಳೆದು ತೋರಿಸುವುದಷ್ಟೇ. ಪೇಜಿಗೆ ವಾಪಸ್ ಬಂದಾಗ ವಿಸಿಬಿಲಿಟಿಚೇಂಜ್ ಈವೆಂಟ್ (ಪೇಜ್ ಮರೆಯಾದಾಗ, ಮತ್ತೆ ಕಂಡಾಗ ಬ್ರೌಸರ್ ಕೊಡುವ ಸುಳಿವು) ಹಿಡಿದು ತಕ್ಷಣ ಸರಿಯಾದ ಅಂಕಿ ಹಾಕುತ್ತೇನೆ. ರೂಮು ಬಿಟ್ಟುಕೊಡುವ ತೀರ್ಮಾನ ಮಾತ್ರ ಸರ್ವರ್‌ನದ್ದೇ. ಪೇಜಿನಲ್ಲಿ ಸೊನ್ನೆ ಬಂದರೆ ‘ಮತ್ತೆ ಪರೀಕ್ಷಿಸಿ’ ಬಟನ್ ಕಾಣುತ್ತದೆ, ಅಷ್ಟೇ.