ಎತ್ತರ ನೋಡಿ ದರ ಹೇಳುವುದನ್ನು ಬಿಟ್ಟೆ

ಕಲಬುರಗಿಯಲ್ಲಿ ಕೊಂಬೆ ಸವರುವ, ಒಣಗಿದ ಮರ ಇಳಿಸುವ ಕೆಲಸ ನನ್ನದು. ಮೊದಲೆಲ್ಲ ಮರದ ಎತ್ತರ ನೋಡಿ ನಿಂತಲ್ಲೇ ದರ ಹೇಳುತ್ತಿದ್ದೆ. ಬ್ರಹ್ಮಪುರದ ಒಂದು ಬೇವಿನ ಮರ ಆ ರೂಢಿಯನ್ನು ಬಿಡಿಸಿತು.

ಒಂದೇ ದಿನದ ಕೆಲಸವೆಂದು 6,000 ರೂಪಾಯಿಗೆ ಒಪ್ಪಿಕೊಂಡಿದ್ದೆ. ಕೊಂಬೆಗಳೆಲ್ಲ ಪಕ್ಕದ ಮನೆಯ ತಗಡಿನ ಮೇಲೆ ಚಾಚಿದ್ದವು. ಒಂದೊಂದನ್ನೂ ಹಗ್ಗ ಕಟ್ಟಿ ಇಳಿಸಬೇಕಾಯಿತು. ಓಣಿಯೊಳಗೆ ಟ್ರ್ಯಾಕ್ಟರ್ ಹಿಡಿಸಲಿಲ್ಲ, ಕಟ್ಟಿಗೆಯನ್ನು ತಲೆಯ ಮೇಲೆ ಹೊತ್ತೆವು. ಎರಡು ದಿನ ಹಿಡಿಯಿತು. ನಾಲ್ವರ ಕೂಲಿಯೇ 6,400 ರೂಪಾಯಿ. ಟ್ರ್ಯಾಕ್ಟರ್ ಬಾಡಿಗೆಯನ್ನು ಕೈಯಿಂದ ಕೊಟ್ಟೆ. ಆ ರಾತ್ರಿ ನಿದ್ದೆ ಬರಲಿಲ್ಲ.

ಈಗ ಮರಕ್ಕಿಂತ ಮೊದಲು ಅದರ ಕೆಳಗೆ ಏನಿದೆ ಎಂದು ನೋಡುತ್ತೇನೆ. ಆಳುಗಳು, ದಿನಗಳು, ಟ್ರ್ಯಾಕ್ಟರ್ ಸುತ್ತುಗಳು, ಯಂತ್ರದ ಗರಗಸದ ಎಣ್ಣೆ ಮತ್ತು ಸರಪಳಿ, ಇವನ್ನು ಬರೆದು ಕೂಡಿಸಿ ಶೇ. 25 ಸೇರಿಸುತ್ತೇನೆ. ಕಟ್ಟಿಗೆ ಯಾರಿಗೆ ಸೇರಬೇಕೆಂಬುದೂ ಚೀಟಿಯಲ್ಲಿರುತ್ತದೆ. ಹೆಚ್ಚಿನ ಜಗಳ ಹುಟ್ಟುವುದು ಅಲ್ಲಿಯೇ. ಬೇವು, ಹುಣಸೆಯಂಥ ಮರವನ್ನು ಬುಡಸಮೇತ ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ವೃಕ್ಷಾಧಿಕಾರಿಯ ಅನುಮತಿ ಬೇಕು. ಆ ಪತ್ರ ಬಾರದೆ ದಿನ ಗೊತ್ತು ಮಾಡುವುದಿಲ್ಲ.

ಕಳೆದ ವಾರ ಒಬ್ಬ ಅಜ್ಜಿ, “ಇನ್ನೊಬ್ಬರು ಕಡಿಮೆ ಹೇಳಿದ್ದಾರಲ್ಲ, ತಮ್ಮಾ” ಎಂದರು. ಚೀಟಿಯನ್ನು ಸಾಲುಸಾಲಾಗಿ ಓದಿ ಹೇಳಿದೆ. ಕೆಲಸ ನನಗೇ ಕೊಟ್ಟರು.