ಫಿಟ್ಸ್ ಮಾತ್ರೆ ಶುರುವಾಯಿತೇ? ಜೊತೆಗೊಂದು ನೋಟ್‌ಬುಕ್ ಇರಲಿ

ಮೂರ್ಛೆರೋಗಕ್ಕೆ ಮಾತ್ರೆ ಬರೆದುಕೊಟ್ಟ ದಿನವೇ ಒಂದು ಪುಟ್ಟ ನೋಟ್‌ಬುಕ್ ತನ್ನಿ. ಮೊದಲ ಪುಟದಲ್ಲಿ ಕಂಪನಿ ಇಟ್ಟ ಹೆಸರಿನ ಜೊತೆ, ಶೀಟಿನ ಮೇಲೆ ಸಣ್ಣ ಅಕ್ಷರದಲ್ಲಿರುವ ಔಷಧದ ಹೆಸರನ್ನೂ ಬರೆದುಕೊಳ್ಳಿ: ಫೆನಿಟಾಯಿನ್, ಕಾರ್ಬಮಜೆಪಿನ್, ವಾಲ್‌ಪ್ರೊಯೇಟ್, ಹೀಗೆ. ಒಂದೊಂದರ ಕಾಟ ಒಂದೊಂದು ಬಗೆ.

ಮೊದಲ ವಾರಗಳಲ್ಲಿ ತೂಕಡಿಕೆ, ತಲೆಸುತ್ತು, ಹೊಟ್ಟೆ ತೊಳಸುವುದು ಸಾಮಾನ್ಯ. ಬಹಳ ಜನರಿಗೆ ತಾನಾಗಿ ತಗ್ಗುತ್ತದೆ. ಅದು ತಗ್ಗಿದ ಮೇಲೂ ವೈದ್ಯರನ್ನು ಕೇಳದೆ ಬೈಕ್ ಮುಟ್ಟಬೇಡಿ. ಕುಡಿದವರಂತೆ ಹೆಜ್ಜೆ ತಪ್ಪಿದರೆ, ಒಂದು ವಸ್ತು ಎರಡಾಗಿ ಕಂಡರೆ ಡೋಸ್ ಹೆಚ್ಚಾಗಿರಬಹುದು, ವೈದ್ಯರಿಗೆ ಹೇಳಿ.

ಇನ್ನು ದಿನವೂ ಚರ್ಮ ನೋಡಿಕೊಳ್ಳಿ. ಮೊದಲ ಎರಡು ತಿಂಗಳು ಇದೇ ಮುಖ್ಯ ಕೆಲಸ. ಕಾರ್ಬಮಜೆಪಿನ್, ಫೆನಿಟಾಯಿನ್, ಲ್ಯಾಮೋಟ್ರಿಜಿನ್ ಕೆಲವರಲ್ಲಿ ಗಂಧೆ ಎಬ್ಬಿಸುತ್ತವೆ. ಅಪರೂಪಕ್ಕೆ ಅದೇ ಚರ್ಮ ಸುಲಿಯುವ, ಜೀವಕ್ಕೇ ಕುತ್ತು ತರುವ ಸ್ಥಿತಿಗೆ ತಿರುಗುತ್ತದೆ. ಗಂಧೆಯ ಜೊತೆ ಜ್ವರ, ಬಾಯಿಹುಣ್ಣು, ಕೆಂಗಣ್ಣು ಕಂಡರಂತೂ ಮುಂದಿನ ಮಾತ್ರೆಗೂ ಮೊದಲೇ ಆಸ್ಪತ್ರೆಯಲ್ಲಿರಬೇಕು. ‘ಅಮ್ಮ ಬಂದಿದೆ’ ಎಂದು ಬೇವಿನ ಸೊಪ್ಪು ಹಾಸಿ ಕೂರುವುದು ಬೇಡ. ಲ್ಯಾಮೋಟ್ರಿಜಿನ್ ಡೋಸನ್ನು ವಾರಗಟ್ಟಲೆ ನಿಧಾನವಾಗಿ ಏರಿಸುವುದೂ ಈ ಭಯಕ್ಕೇ.

ಒಂದು ಪುಟ ಮನೆಯವರಿಗೆ ಬಿಡಿ, ಸ್ವಭಾವ ಬದಲಾದರೆ ಅವರು ಬರೆಯಲಿ. ಲೆವೆಟಿರಾಸೆಟಮ್ ತೆಗೆದುಕೊಳ್ಳುವ ಕೆಲವರಿಗೆ ಸಿಡುಕು, ಮಂಕು ಹಿಡಿಯುತ್ತದೆ, ಅದು ಎಷ್ಟೋ ಸಲ ಸ್ವತಃ ಅವರಿಗೇ ತಿಳಿಯುವುದಿಲ್ಲ. ಸಾಯುವ ಮಾತು ಬಂದರೆ ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಿರಿ.

ಹೆಣ್ಣುಮಕ್ಕಳು ಕೇಳಲೇಬೇಕಾದ ಪ್ರಶ್ನೆ ವಾಲ್‌ಪ್ರೊಯೇಟಿನದು. ಗರ್ಭಿಣಿ ಇದನ್ನು ಸೇವಿಸಿದರೆ 100 ಶಿಶುಗಳಲ್ಲಿ ಸುಮಾರು 10ಕ್ಕೆ ಹುಟ್ಟಿನಿಂದಲೇ ಅಂಗದೋಷ, 30ರಿಂದ 40 ಮಕ್ಕಳಿಗೆ ಬೆಳವಣಿಗೆಯ ತೊಂದರೆ. ಮದುವೆ ಮಾತುಕತೆಯಲ್ಲಿ ಕಾಯಿಲೆಯನ್ನೇ ಮುಚ್ಚಿಡುವ ನಮ್ಮಲ್ಲಿ ಈ ಪ್ರಶ್ನೆ ಕೇಳುವವರೇ ಇಲ್ಲ. ಮಗು ಬೇಕೆನ್ನುವ ಮೊದಲೇ ನರರೋಗ ತಜ್ಞರನ್ನು ಕಂಡು ಔಷಧ ಬದಲಿಸಬಹುದೇ ಎಂದು ಕೇಳಿ. ಈಗಾಗಲೇ ಬಸುರಿಯಾಗಿದ್ದರೆ ಹೆದರಿ ತಾವೇ ನಿಲ್ಲಿಸದೆ ತಕ್ಷಣ ಹೋಗಿ ಕಾಣಿ. ಕಾರ್ಬಮಜೆಪಿನ್, ಫೆನಿಟಾಯಿನ್‌ಗಳ ಎದುರು ಗರ್ಭನಿರೋಧಕ ಮಾತ್ರೆ ಸೋಲುತ್ತದೆ ಎಂಬುದೂ ನೆನಪಿರಲಿ.

ಫೆನಿಟಾಯಿನ್‌ನಿಂದ ವಸಡು ದಪ್ಪಗಾಗಬಹುದು, ಎರಡು ಹೊತ್ತು ಹಲ್ಲುಜ್ಜಿ.

ಅಡ್ಡಪರಿಣಾಮಕ್ಕಿಂತ ದೊಡ್ಡ ಅಪಾಯ ಮಾತ್ರೆಯನ್ನು ದಿಢೀರನೆ ಬಿಡುವುದು. ಏಕಾದಶಿ, ರಂಜಾನ್ ಉಪವಾಸವಿದ್ದರೆ ಹೊತ್ತು ಹೊಂದಿಸಿಕೊಡುವಂತೆ ಮೊದಲೇ ಕೇಳಿ. ಫಿಟ್ಸ್ 5 ನಿಮಿಷ ದಾಟಿದರೆ ಕೈಗೆ ಕಬ್ಬಿಣ ಹುಡುಕುತ್ತಾ ನಿಲ್ಲಬೇಡಿ, 108ಕ್ಕೆ ಕರೆ ಮಾಡಿ. ಆಂಬುಲೆನ್ಸ್ ಹತ್ತುವಾಗ ನೋಟ್‌ಬುಕ್ ಮರೆಯಬೇಡಿ.